ಎರಡೂ ಒಲೆ ಹಚ್ಚಬೇಡಿ

ಮೊನ್ನೆ ಹುಣಸೂರಿನ ಬಸ್ ನಿಲ್ದಾಣದ ಎದುರು ರಸ್ತೆ ದಾಟಲು ನಿಂತಿದ್ದಾಗ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡ ಗಾಡಿಯೊಂದು ಬಂದು ಸರಿಯಾಗಿ ನನ್ನ ಮುಂದೆಯೇ ನಿಂತಿತು. ಹದವಾಗಿ ಬೆಂದ ಸೊಪ್ಪಿನ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಬೀಡಿ, ಸಿಗರೇಟಿನ ನಾತಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಲ್ಲದ ಪಾಕ ಇನ್ನೇನು ತಳ ಹತ್ತಬೇಕು ಅನ್ನುವಾಗ ಏಳುತ್ತದಲ್ಲ, ಆ ವಾಸನೆ. ಅದರೊಳಗೆ ಒಣಹುಲ್ಲಿನದು ಸ್ವಲ್ಪ, ಹಳೆಯ ಹುಣಸೆಹಣ್ಣಿನ ಹುಳಿ ಸ್ವಲ್ಪ. ನನ್ನ ಸೋದರತ್ತೆಯ ಸೆರಗಿನಲ್ಲಿ ಎಷ್ಟು ಸಲ ಒಗೆದರೂ ಹೋಗದೆ ಉಳಿದಿದ್ದ ವಾಸನೆ ಅದು. ಒಂದು ಗಳಿಗೆ ಅಲ್ಲೇ ನಿಂತುಬಿಟ್ಟೆ. ಆಗಲೇ ಕೈಯಲ್ಲಿದ್ದ ಫೋನು ಟಿಣ್ ಅಂದಿತು. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾಗ್ಯಕ್ಕ, ಅಂದರೆ ನನ್ನ ದೊಡ್ಡಪ್ಪನ ಮಗಳು, ಬರೆದಿದ್ದಳು: ‘ಮಗಳ ನಿಶ್ಚಿತಾರ್ಥ ಭಾನುವಾರ, ಮೈಸೂರಲ್ಲೇ. ಎಲ್ಲರೂ ಶನಿವಾರವೇ ಬಂದುಬಿಡಿ. ಜೂ, ಚಾಮುಂಡಿಬೆಟ್ಟ, ಭಾನುವಾರ ಸಂಜೆ ಅರಮನೆ ಲೈಟಿಂಗ್ ಎಲ್ಲ ಮುಗಿಸಿಕೊಂಡೇ ಹೋಗೋದು. ಪುಟ್ಟತಾಯತ್ತೆ ಇದ್ದಿದ್ರೆ ಎಷ್ಟು ಖುಷಿ ಪಡೋರು.’ ಕೆಳಗೆ ಎರಡು ಕೈಮುಗಿದ ಚಿತ್ರ, ಒಂದು ಅಳುವ ಮುಖ.

ನನಗೆ ಮೈಯೆಲ್ಲ ಉರಿದುಹೋಯಿತು. ನಿಶ್ಚಿತಾರ್ಥಕ್ಕೆ ಕರೆಯುವುದು ತಪ್ಪಲ್ಲ, ಬಂದ ನೆಂಟರಿಗೆ ಊರು ತೋರಿಸುವುದೂ ತಪ್ಪಲ್ಲ. ಆದರೆ ಅದೇ ಮೈಸೂರು, ಅದೇ ಶನಿವಾರ ಭಾನುವಾರ, ಅದೇ ಜೂ, ಅದೇ ದೀಪ. ಮೂವತ್ತೈದು ವರ್ಷದ ಹಿಂದೆ ಇದೇ ಭಾಗ್ಯಕ್ಕನ ಬೀಗರೂಟಕ್ಕೆ ನಾವೆಲ್ಲ ಹೀಗೆಯೇ ಹೋಗಿದ್ದೆವು, ಅತ್ತೆಯೊಬ್ಬಳನ್ನು ಬಿಟ್ಟು. ಬಿಟ್ಟು ಹೋದೆವು ಅನ್ನುವುದೂ ಪೂರ್ತಿ ನಿಜವಲ್ಲ. ಅವಳು ಬಾರದ ಹಾಗೆ ಎಲ್ಲ ಏರ್ಪಾಡು ಮಾಡಿ ಹೋದೆವು. ಆ ಏರ್ಪಾಡಿನಲ್ಲಿ ಹತ್ತು ವರ್ಷದ ನನ್ನದೂ ಒಂದು ಕೈ ಇತ್ತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಆ ಅಳುವ ಮುಖದ ಚಿತ್ರ ನೋಡಿದ ಮೇಲೆ ಹೇಳದೆ ಇರಲಾಗುತ್ತಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬಹುದು, ಹೋದ ಮೇಲೆ ಎಲ್ಲರೂ ನೆನೆಸಿಕೊಳ್ಳುವವಳು. ಇದ್ದರೆ ನಿಮಗೆ ನನ್ನ ಸಿಟ್ಟು ಅರ್ಥವಾಗುತ್ತದೆ.

ನಮ್ಮೂರು ಬೆಟ್ಟದಪುರದಿಂದ ಕಾಲ್ನಡಿಗೆಯ ದೂರ. ಜಗಲಿಯಲ್ಲಿ ಕೂತರೆ ಬೆಟ್ಟದ ಮೇಲಿನ ಗುಡಿ ಕಾಣುತ್ತಿತ್ತು. ಹೆಂಚಿನ ಮನೆ, ನಡುವೆ ಸಣ್ಣದೊಂದು ತೊಟ್ಟಿ, ಹಿಂದೆ ಹಿತ್ತಿಲು, ಹಿತ್ತಿಲಿನ ಕೊನೆಗೆ ಬ್ಯಾರನ್ನು. ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಬ್ಯಾರನ್ನು ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಆ ಕಡ್ಡಿಗಳನ್ನು ಒಳಗೆ ಸಾಲುಸಾಲಾಗಿ ಮೇಲಿನವರೆಗೂ ನೇತುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಕಾವು ದಪ್ಪ ಕೊಳವೆಗಳಲ್ಲಿ ಹರಿದು ಒಳಗೆಲ್ಲ ಹಬ್ಬುತ್ತದೆ. ಒಂದು ಸಲ ಹಚ್ಚಿದರೆ ಐದಾರು ದಿನ ಆ ಒಲೆ ಬಿಟ್ಟು ಏಳುವ ಹಾಗಿಲ್ಲ. ಕಾವು ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ಹಾಗೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಆ ಒಲೆಯ ಮುಂದೆ ಕೂರುತ್ತಿದ್ದವಳು ಅತ್ತೆ, ಪುಟ್ಟತಾಯಮ್ಮ. ದೊಡ್ಡಪ್ಪನ ತಂಗಿ, ನನ್ನ ಅಪ್ಪನ ಅಕ್ಕ.

ಅತ್ತೆಯನ್ನು ಕೆ.ಆರ್. ನಗರದ ಕಡೆಗೆ ಕೊಟ್ಟಿದ್ದರು. ಆರು ವರ್ಷ ಬಾಳಿದಳು, ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ತಂದುಕೊಂಡ, ಇವಳು ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ನಮ್ಮ ಮನೆಯಲ್ಲಿ ಈ ವಿಷಯವನ್ನು ಇದಕ್ಕಿಂತ ಉದ್ದವಾಗಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಅದೇ ವರ್ಷ ದೊಡ್ಡಮ್ಮ ತೀರಿಕೊಂಡಿದ್ದರು. ತಾಯಿಯಿಲ್ಲದ ಮೂರು ವರ್ಷದ ಭಾಗ್ಯಕ್ಕನನ್ನು ಸೊಂಟಕ್ಕೆ ಎತ್ತಿಕೊಂಡ ಅತ್ತೆ ಅವಳನ್ನು ಮದುವೆ ಮಾಡಿ ಕಳಿಸುವವರೆಗೂ ಕೆಳಗಿಳಿಸಲಿಲ್ಲ ಅಂತಲೇ ಹೇಳಬೇಕು. ಜಡೆ ಹೆಣೆದವಳು ಅವಳು, ಜ್ವರ ಬಂದರೆ ಪಕ್ಕ ಮಲಗಿದವಳು ಅವಳು, ಶಾಲೆಗೆ ಕಳಿಸಲೇಬೇಕು ಅಂತ ದೊಡ್ಡಪ್ಪನ ಜೊತೆ ಜಗಳವಾಡಿದವಳೂ ಅವಳೇ. ಜೊತೆಗೆ ಬ್ಯಾರನ್ನು. ಕಾವು ಅಳೆಯಲು ಒಳಗೆ ಥರ್ಮಾಮೀಟರು ತೂಗುಹಾಕಿರುತ್ತಿದ್ದರು, ಅತ್ತೆಗೆ ಅದನ್ನು ಓದಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿಲ ಸಂದಿಗೆ ಮೂಗು ಒಡ್ಡಿ, ‘ಇನ್ನೂ ಬೆವರ್ತಾ ಅದೆ’ ಅನ್ನುವಳು, ಅಥವಾ ‘ಬಣ್ಣ ತಿರುಗ್ತು’ ಅನ್ನುವಳು, ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಅಕ್ಕಪಕ್ಕದ ಊರಿನವರೂ ಬಂದು ಅವಳನ್ನು ಕೇಳಿಕೊಂಡು ಹೋಗುತ್ತಿದ್ದರು. ದೊಡ್ಡಪ್ಪ ನಾಲ್ಕು ಜನರೆದುರು, ‘ನಮ್ ಪುಟ್ಟತಾಯಿ ಕೈ ಇಲ್ದೆ ಬ್ಯಾರನ್ನು ನಡೀತದಾ’ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೊಗಳಿಕೆ ನೆನೆಸಿಕೊಂಡರೆ ನನಗೆ ಇವತ್ತು ಹೇಸಿಗೆಯಾಗುತ್ತದೆ. ಕಟ್ಟಿಹಾಕಲು ಹಗ್ಗ ಬೇಕಾಗಲಿಲ್ಲ ಅವರಿಗೆ, ನಾಲ್ಕು ಒಳ್ಳೆಯ ಮಾತು ಸಾಕಾಯಿತು.

ಭಾಗ್ಯಕ್ಕನ ಮದುವೆ ದೀಪಾವಳಿ ಕಳೆದ ಮೇಲೆ ನಮ್ಮೂರಲ್ಲೇ ಆಯಿತು. ಗಂಡಿನ ಕಡೆಯವರು ಮೈಸೂರಿನವರು. ಮದುವೆಯಾದ ಮರುವಾರದ ಭಾನುವಾರ ಅವರು ಬೀಗರೂಟ ಇಟ್ಟುಕೊಂಡಿದ್ದರು, ಅಂದರೆ ಹೆಣ್ಣಿನ ಕಡೆಯವರಿಗೆ ಬಾಡೂಟ. ಕರೆಯಲು ಬೀಗಿತ್ತಿ, ಭಾಗ್ಯಕ್ಕನ ಅತ್ತೆಮನೆಯ ಯಜಮಾನಿ, ತಾವೇ ಬಂದಿದ್ದರು. ನಮ್ಮ ಕಡೆ ಊಟಕ್ಕೆ ಕರೆಯುವುದರಲ್ಲಿ ಎರಡು ಬಗೆ. ‘ಮನೆಗೊಬ್ರು ಬನ್ನಿ’ ಅಂದರೆ ಒಬ್ಬರು ಹೋಗಿ ಉಂಡು ಬಂದರೆ ಮುಗಿಯಿತು. ‘ಒಲೆ ಹಚ್ಚಬೇಡಿ’ ಅಂದರೆ ಹಾಗಲ್ಲ; ಹಿರಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಮನೆಯಲ್ಲಿರುವ ಪ್ರತಿಯೊಬ್ಬರೂ ಹೋಗಬೇಕು, ಒಬ್ಬರು ಉಳಿದರೂ ಕರೆದವರಿಗೆ ಅವಮಾನ. ಬೀಗಿತ್ತಿ ನಮ್ಮ ಜಗಲಿಯಲ್ಲಿ ಕೂತು ಕುಂಕುಮ ಕೊಡುತ್ತಾ, ‘ಭಾನುವಾರ ನೀವ್ಯಾರೂ ಒಲೆ ಹಚ್ಚಂಗಿಲ್ಲ ಕಣ್ರೀ’ ಅಂದರು. ಬಾಗಿಲ ಬಳಿ ನಿಂತಿದ್ದ ಅತ್ತೆ, ಯಾರೂ ಮಾತಾಡಿಸುವ ಮುಂಚೆ, ‘ನಮ್ಮನೇಲಿ ಎರಡು ಒಲೆ ಅವೆ ಕಣವ್ವ’ ಅಂದಳು. ಬೀಗಿತ್ತಿ ಪೇಟೆಯವರು, ಅವರಿಗೇನು ಗೊತ್ತು ಎರಡನೆಯ ಒಲೆ ಯಾವುದು ಅಂತ. ಬಚ್ಚಲೊಲೆ ಅಂದುಕೊಂಡಿರಬೇಕು. ನಕ್ಕು, ‘ಎರಡೂ ಹಚ್ಚಬ್ಯಾಡಿ’ ಅಂದುಬಿಟ್ಟರು. ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬ್ಯಾರನ್ನಿನ ಒಲೆಯನ್ನೇ ಹೆಸರಿಟ್ಟು ಕರೆದಿದ್ದಾರೆ ಅಂದರೆ ತನ್ನನ್ನೇ ಕರೆದಿದ್ದಾರೆ ಅಂತ ಅವಳು ತಿಳಿದಳು. ದೊಡ್ಡಪ್ಪ ಕೆಮ್ಮಿ ಎದ್ದು ಹೊರಗೆ ಹೋದರು.

ಅವತ್ತಿನಿಂದ ಅತ್ತೆ ಬೇರೆಯೇ ಆದಳು. ನಮ್ಮ ಕಡೆ ಬೀಗರೂಟದಲ್ಲಿ ಹೆಣ್ಣಿನ ಸೋದರತ್ತೆಗೆ ಮೊದಲ ಪಂಕ್ತಿಯಲ್ಲಿ, ಮದುಮಗಳ ಪಕ್ಕದಲ್ಲೇ ಎಲೆ ಹಾಕುತ್ತಾರೆ. ಊಟವಾದ ಮೇಲೆ ಮಡಿಲು ತುಂಬಿ ಸೀರೆ ಕೊಡುತ್ತಾರೆ. ಮದುವೆಯ ದಿನ ಅತ್ತೆ ಅಡುಗೆಯವರ ಜೊತೆ ಒದ್ದಾಡುತ್ತ ಧಾರೆಯನ್ನೂ ಸರಿಯಾಗಿ ನೋಡಿರಲಿಲ್ಲ. ಈ ಭಾನುವಾರ ಕೂರುವ ದಿನ. ಗದ್ದೆ ಬದುವಿನ ಹೊಲದಲ್ಲಿ ಆ ವರ್ಷದ ಕೊನೆಯ ಸೊಪ್ಪು ಇನ್ನೂ ಉಳಿದಿತ್ತು. ಮಂಗಳವಾರ ಬ್ಯಾರನ್ನು ಖಾಲಿ ಮಾಡಿಸಿ, ಗುಡಿಸಿ, ಆಳುಗಳಿಗೆ, ‘ಕಡೇ ಸೊಪ್ಪು ಮುಂದಿನ ಮಂಗಳವಾರ ಮುರಿಯಾನ, ನಾಕು ದಿನಕ್ಕೆ ಅದೇನೂ ಓಡೋಗಲ್ಲ’ ಅಂತ ಹೇಳಿ ಕಳಿಸಿದಳು. ಟ್ರಂಕಿನ ತಳದಿಂದ ತನ್ನ ಮದುವೆಯ ಸೀರೆ ತೆಗೆದು ಗಾಳಿಗೆ ಹಾಕಿದಳು. ಹಳೆಯ ಕುಪ್ಪಸ ಹಿಡಿಸಲಿಲ್ಲ, ಪಿರಿಯಾಪಟ್ಟಣದ ದರ್ಜಿಯ ಹತ್ತಿರ ಮಾವಿನಕಾಯಿ ಹಸಿರಿನದೊಂದು ಹೊಲಿಯಲು ಕೊಟ್ಟಳು. ಮೈಸೂರಿಗೆ ಅವಳು ಅಜ್ಜಿಯ ಕಾಯಿಲೆಗೆ ಒಮ್ಮೆ ಹೋಗಿದ್ದಳಂತೆ, ಆಸ್ಪತ್ರೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಸಂಜೆ ನನ್ನನ್ನು ಪಕ್ಕ ಕೂರಿಸಿಕೊಂಡು ಅರಮನೆಯ ದೀಪದ ವಿಷಯ ಕೇಳುತ್ತಿದ್ದಳು. ‘ಅಷ್ಟೂ ದೀಪ ಒಂದೇ ಸಲಕ್ಕೆ ಹತ್ತುತಾವಂತೆ. ಯಾರವ್ವ ಹಚ್ಚೋದು ಅಷ್ಟ?’ ನಾನು, ‘ಸ್ವಿಚ್ಚು ಅತ್ತೆ’ ಅಂದರೆ, ‘ಸ್ವಿಚ್ಚನ್ನಾದ್ರೂ ಯಾರಾದ್ರೂ ಒತ್ತಬೇಕಲ್ಲ’ ಅನ್ನುವಳು. ಬೆಂಕಿಯ ಕೆಲಸ ಗೊತ್ತಿದ್ದವಳ ಪ್ರಶ್ನೆ ಅದು.

ಗುರುವಾರ ಬೆಳಿಗ್ಗೆ ದೊಡ್ಡಪ್ಪ ತುಂಬ ಮೆತ್ತಗೆ, ‘ಕುಪ್ಪಸ ಈಸ್ಕೊಂಡು ಬಾ ಹೋಗು ತಾಯಿ. ಅಂಗೇ ಕೈತುಂಬ ಬಳೆನೂ ತೊಟ್ಕೊಂಡು ಬಾ’ ಅಂದರು. ಮೊದಲ ಬಸ್ಸಿಗೆ ಅತ್ತೆ ಪಿರಿಯಾಪಟ್ಟಣಕ್ಕೆ ಹೊರಟಳು. ಬಸ್ಸಿನ ಧೂಳು ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ಪಕ್ಕದೂರಿನಿಂದ ಒಂದು ಟ್ರ್ಯಾಕ್ಟರ್ ತುಂಬ ಆಳು ಬಂದಿಳಿದರು. ಅಂದರೆ ಮುಂಚೆಯೇ ಹೇಳಿಟ್ಟಿದ್ದರು. ಮಧ್ಯಾಹ್ನದೊಳಗೆ ಕೊನೆಯ ಸೊಪ್ಪನ್ನೆಲ್ಲ ಮುರಿದು ತಂದು ಹಿತ್ತಿಲಲ್ಲಿ ಗುಡ್ಡೆ ಹಾಕಿದರು, ಕಡ್ಡಿಗೆ ಕಟ್ಟಿದರು, ಬ್ಯಾರನ್ನಿಗೆ ಏರಿಸಿದರು. ಅಮ್ಮ ಆಳುಗಳಿಗೆ ಮುದ್ದೆ ಕಟ್ಟುತ್ತಿದ್ದಳು. ಅಪ್ಪ ಕಡ್ಡಿ ಎತ್ತಿಕೊಡುತ್ತಿದ್ದರು. ನನ್ನ ಅಪ್ಪ ಒಳ್ಳೆಯ ಮನುಷ್ಯ, ಯಾರಿಗೂ ಒಂದು ಗಡಸು ಮಾತು ಆಡಿದವರಲ್ಲ. ಅವತ್ತು ಆಡಬೇಕಿತ್ತು, ಆಡಲಿಲ್ಲ. ಒಲೆ ಹಚ್ಚುವ ಹೊತ್ತಿಗೆ ದೊಡ್ಡಪ್ಪ ಸುತ್ತ ನೋಡಿದರು. ಪ್ರತಿ ಸಲವೂ ಒಲೆಯ ಬಾಯಿಗೆ ಕುಂಕುಮವಿಟ್ಟು, ಕರ್ಪೂರ ಹಚ್ಚಿ ಬೆಂಕಿ ಕೊಡುತ್ತಿದ್ದವಳು ಅತ್ತೆ. ಅಮ್ಮನ ಕೈಗೆ ಬೆಂಕಿಪೊಟ್ಟಣ ಕೊಡಲು ಹೋದರು, ಅಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು. ಆಗ ನನ್ನನ್ನು ಕರೆದರು. ‘ಬಾ ಮಗ, ನೀನು ಹಚ್ಚು. ನಿನ್ ಕೈ ಒಳ್ಳೇದು.’ ಮಗುವಿನ ಕೈಯಲ್ಲಿ ಹಚ್ಚಿಸಿದ ಒಲೆಯ ಬಗ್ಗೆ ಯಾರೂ ಜಗಳ ತೆಗೆಯುವ ಹಾಗಿಲ್ಲ ಅನ್ನುವ ಲೆಕ್ಕಾಚಾರ ಅದು, ಈಗ ತಿಳಿಯುತ್ತದೆ. ಆಗಲೂ ನನಗೆ ಏನೂ ತಿಳಿದಿರಲಿಲ್ಲ ಅಂತ ಹೇಳಿಕೊಳ್ಳಲು ಆಸೆಯಾಗುತ್ತದೆ. ಆದರೆ ಈ ಒಲೆ ಹತ್ತಿದರೆ ಅತ್ತೆ ಮೈಸೂರಿಗೆ ಬರುವುದಿಲ್ಲ ಅನ್ನುವಷ್ಟು ಹತ್ತು ವರ್ಷದ ಹುಡುಗಿಗೆ ಗೊತ್ತಿರುತ್ತದೆ. ಹಚ್ಚದಿದ್ದರೆ ನನ್ನನ್ನೂ ಬಿಟ್ಟು ಹೋದಾರು ಅಂತ ಹೆದರಿ ಕಡ್ಡಿ ಗೀರಿದೆ. ಒಂದೇ ಸಲಕ್ಕೆ ಹತ್ತಿಕೊಂಡಿತು.

ಸಂಜೆ ಐದರ ಬಸ್ಸಿಗೆ ಅತ್ತೆ ಬಂದಳು. ಬ್ಯಾರನ್ನಿನ ಹೊಗೆ ಅವಳಿಗೆ ರಸ್ತೆಯಿಂದಲೇ ಕಂಡಿರಬೇಕು, ಯಾಕೆಂದರೆ ಅವಳು ನೇರವಾಗಿ ಹಿತ್ತಿಲಿಗೇ ನಡೆದು ಬಂದಳು. ಎರಡೂ ಕೈ ತುಂಬ ಹಸಿರು ಬಳೆ, ಕಂಕುಳಲ್ಲಿ ಕಾಗದದ ಪೊಟ್ಟಣ. ಒಲೆಯ ಮುಂದೆ ನಿಂತು, ‘ಹಚ್ಚುಬುಟ್ರಾ’ ಅಂದಳು, ಅಷ್ಟೇ. ದೊಡ್ಡಪ್ಪ ಮೊದಲೇ ಕಲಿತು ಇಟ್ಟುಕೊಂಡಿದ್ದ ಮಾತನ್ನು ಒಪ್ಪಿಸಿದರು, ‘ಸೊಪ್ಪು ಬಲ್ತೋಗಿತ್ತು ಕಣವ್ವ. ಇನ್ನು ನಾಕು ದಿನ ಬುಟ್ಟಿದ್ರೆ ಗೊಬ್ಬರಕ್ಕೂ ಆಯ್ತಿರ್ಲಿಲ್ಲ. ನೀನಿದ್ದೀಯಲ್ಲ ಅಂತ ಧೈರ್ಯದ ಮೇಲೆ ಹಾಕ್ದೆ.’ ಊರಲ್ಲಿ ಬ್ಯಾರನ್ನು ನೋಡಿಕೊಳ್ಳಲು ಬಲ್ಲವರು ಇನ್ನೂ ಹತ್ತು ಜನ ಇದ್ದರು, ನಾಲ್ಕು ದಿನಕ್ಕೆ ಕೇಳಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಹಳೇ ಸೀರೆ ಉಟ್ಟುಕೊಂಡು ಬಂದಳು, ಬಗ್ಗಿ ಒಲೆಯೊಳಗೆ ನೋಡಿದಳು, ‘ಉರಿ ಜಾಸ್ತಿ ಆಯ್ತು’ ಅನ್ನುತ್ತ ಎರಡು ಸೌದೆ ಹೊರಗೆಳೆದು ಮಣ್ಣಲ್ಲಿ ಹೊರಳಿಸಿ ಆರಿಸಿದಳು. ಅವಳು ಬಾಯಿಗೆ ಬಂದ ಹಾಗೆ ಬೈಯಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆ ಸೌದೆಯನ್ನು ದೊಡ್ಡಪ್ಪನ ಕಡೆಗೆ ಎಸೆಯಬೇಕಿತ್ತು.

ಶನಿವಾರ ಬೆಳಿಗ್ಗೆ ಮೆಟಡೋರ್ ವ್ಯಾನಿನಲ್ಲಿ ನಾವು ಹದಿನೈದು ಜನ ಹೊರಟೆವು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಹುಣಸೂರು ದಾಟುವವರೆಗೆ ಹಿಂದಕ್ಕೇ ತಿರುಗಿ ನೋಡುತ್ತಿದ್ದೆ, ಬಿಳಿಕೆರೆ ಬರುವಷ್ಟರಲ್ಲಿ ಅದೂ ಮರೆತುಹೋಯಿತು. ಮಕ್ಕಳ ಸಂಕಟದ ಆಯುಸ್ಸು ಅಷ್ಟೇ. ಜೂ ಒಳಗೆ ಜಿರಾಫೆ ನೋಡಿ ಕಿರುಚಿದೆ, ಉಪ್ಪುಖಾರ ಹಚ್ಚಿದ ಸೌತೆಕಾಯಿ ತಿಂದೆ, ಆನೆಯ ಮುಂದೆ ನಿಂತ ದೊಡ್ಡಪ್ಪ, ‘ನಮ್ ಕಡೆ ಕಾಡಲ್ಲಿ ಇದರಪ್ಪನಂಥಾವು ಅವೆ ಬುಡು’ ಅಂದಾಗ ಎಲ್ಲರ ಜೊತೆ ನಾನೂ ನಕ್ಕೆ. ಚಾಮುಂಡಿಬೆಟ್ಟದಲ್ಲಿ ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಳಗಿನ ಊರು ತೋರಿಸಿದರು. ಅವರ ಹೆಗಲು ಬೆಚ್ಚಗಿತ್ತು, ಅವರಿಗೆ ನನ್ನ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ಇದನ್ನೂ ಹೇಳಲೇಬೇಕು, ಯಾಕೆಂದರೆ ಅವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಇಷ್ಟು ಹೊತ್ತಿಗೆ ಒಂದು ದಾರಿ ಸಿಕ್ಕಿರುತ್ತಿತ್ತು. ಅಮ್ಮ ಮಾತ್ರ ಎರಡು ದಿನವೂ ಯಾವುದನ್ನೂ ನೋಡಿದ ಹಾಗೆ ಕಾಣಲಿಲ್ಲ. ‘ಅತ್ತೆಗೆ ಏನಾದ್ರೂ ತಗೊಳ್ಳೋಣ್ವಾ’ ಅಂತ ನಾನು ಕೇಳಿದ್ದಕ್ಕೆ, ‘ಸುಮ್ನೆ ನಡಿ’ ಅಂತ ರಟ್ಟೆ ಹಿಡಿದು ಎಳೆದಳು.

ಭಾನುವಾರದ ಊಟ ಛತ್ರದಲ್ಲಿ. ಮೊದಲ ಪಂಕ್ತಿಗೆ ಎಲೆ ಹಾಕಿದರು. ಭಾಗ್ಯಕ್ಕ ಹೊಸ ಸೀರೆಯಲ್ಲಿ ಹೊಳೆಯುತ್ತ ಬಂದು ಕೂತಳು. ಅವಳ ಪಕ್ಕದ ಎಲೆ ಖಾಲಿ. ಬೀಗಿತ್ತಿ ಬಂದು, ‘ಎಲ್ರೀ ಸೋದರತ್ತೆ? ಎರಡೂ ಒಲೆ ಹಚ್ಚಬ್ಯಾಡಿ ಅಂತ ಹೇಳ್ಬಂದಿದ್ನಲ್ಲ’ ಅಂದರು. ದೊಡ್ಡಪ್ಪ, ‘ಮೈಯಾಗೆ ಹುಸಾರಿಲ್ಲ ಕಣ್ರವ್ವ’ ಅಂದರು. ಭಾಗ್ಯಕ್ಕ ತಿರುಗಿ ಅಮ್ಮನ ಮುಖ ನೋಡಿದಳು, ಅಮ್ಮ ನೆಲ ನೋಡಿದಳು. ‘ಹೌದಾ’ ಅಂದ ಭಾಗ್ಯಕ್ಕ ಫೋಟೋದವನು ಕರೆದ ಕಡೆಗೆ ಮುಖ ಮಾಡಿ ಕೂತಳು. ಹತ್ತೊಂಬತ್ತು ವರ್ಷದ ಹುಡುಗಿ, ಹೊಸ ಮನೆ, ಅವಳನ್ನು ಕ್ಷಮಿಸಬೇಕು ಅಂತ ನನಗೆ ಗೊತ್ತು. ಇನ್ನೂ ಆಗಿಲ್ಲ. ಎಲೆ ಖಾಲಿ ಬಿಡಬಾರದು ಅಂತ ಯಾರೋ ಹೇಳಿದರು, ದೊಡ್ಡಪ್ಪ ನನ್ನನ್ನು ತಂದು ಅಲ್ಲಿ ಕೂರಿಸಿದರು. ಅತ್ತೆಯ ಎಲೆಯಲ್ಲಿ ನಾನು ಮುದ್ದೆ ಮುರಿದು ಉಂಡೆ. ಚೆನ್ನಾಗಿ ಉಂಡೆ, ಎರಡನೆಯ ಸಲ ಸಾರು ಹಾಕಿಸಿಕೊಂಡೆ. ಕೊನೆಗೆ ಬೀಗಿತ್ತಿ ನನ್ನ ಪುಟ್ಟ ಲಂಗದ ಮಡಿಲಿಗೆ ಕೊಬ್ಬರಿ, ಬೆಲ್ಲ, ಎಲೆಯಡಿಕೆ ತುಂಬಿ, ಮೇಲೆ ನೇರಳೆ ಬಣ್ಣದ ಸೀರೆಯಿಟ್ಟು, ‘ನಿಮ್ಮತ್ತೆಗೆ ಕೊಡವ್ವ’ ಅಂದರು.

ಕೈ ತೊಳೆಯುವ ಕಡೆ ಎತ್ತರದ ಒಬ್ಬ ಮನುಷ್ಯ ನನ್ನ ಪಕ್ಕ ಬಂದು ನಿಂತರು. ಅವರ ಬೆರಳು ಹಿಡಿದುಕೊಂಡು ಹೆಚ್ಚುಕಡಿಮೆ ನನ್ನ ವಯಸ್ಸಿನದೇ ಒಬ್ಬಳು ಹುಡುಗಿ. ‘ಪುಟ್ಟತಾಯಿ ನಿಂಗೆ ಏನಾಗಬೇಕು ಮಗ?’ ಅಂದರು. ‘ಅತ್ತೆ’ ಅಂದೆ. ‘ಬರ್ಲಿಲ್ವಾ?’ ಕಾಯಿಲೆ ಅನ್ನುವ ದೊಡ್ಡಪ್ಪನ ಸುಳ್ಳು ನನಗೆ ಆ ಹೊತ್ತಿಗೆ ಮರೆತಿತ್ತು. ‘ಬ್ಯಾರನ್ನು ಹಚ್ಚವ್ರೆ. ಅತ್ತೆ ನೋಡ್ಕೋಬೇಕು’ ಅಂದೆ. ಅವರು ಪಕ್ಕದವರ ಕಡೆ ತಿರುಗಿ, ‘ಮೊದಲಿಂದ್ಲೂ ಅಂಗೇಯ. ಗೇಯೋದು ಬುಟ್ರೆ ಬ್ಯಾರೆ ಏನೂ ಗೊತ್ತಿಲ್ಲ ಅದಕ್ಕೆ’ ಅಂದು ನಕ್ಕು, ಮಗಳ ಕೈ ತೊಳೆಸಿದರು. ಅವರು ಹೋದ ಮೇಲೆ ಅಮ್ಮ ಬಂದು ನನ್ನ ಕಿವಿಯಲ್ಲಿ, ‘ಅವರೇ ನಿಮ್ಮತ್ತೆ ಗಂಡ. ಬೀಗರಿಗೆ ದೂರದ ದಾಯಾದಿ’ ಅಂದಳು. ವ್ಯಾನಿನ ಹತ್ತಿರ ದೊಡ್ಡಪ್ಪ ಅಪ್ಪನಿಗೆ ಹೇಳುತ್ತಿದ್ದದ್ದೂ ಕೇಳಿಸಿತು. ‘ನೋಡ್ದಾ, ಇದಕ್ಕೇ ಕಣ್ಲಾ ನಾನು ಅಂಗೆ ಮಾಡಿದ್ದು. ಅವಳು ಬಂದಿದ್ರೆ ಬೀಗರ ಮುಂದೆ ನಮ್ ಮಾನ ಏನಾಗೋದು.’ ಸೊಪ್ಪು ಬಲಿತದ್ದಲ್ಲ, ಏನೂ ಅಲ್ಲ. ಹೆಂಡತಿಯನ್ನು ಹೊರಗೆ ಹಾಕಿದವನು ಮಗಳ ಕೈ ಹಿಡಿದು ಬಂದು ಉಂಡು ಹೋಗಬಹುದು. ಅವನ ಮುಂದೆ ನಮ್ಮವಳು ಕಾಣಿಸಿಕೊಂಡರೆ ಮಾನ ಹೋಗುವುದು ನಮ್ಮದು. ಅದನ್ನಾದರೂ ಅವಳಿಗೆ ಬಾಯಿಬಿಟ್ಟು ಹೇಳಿದ್ದರೆ ಅವಳು ಎದುರು ಮಾತಾಡುತ್ತಿದ್ದಳು. ಅದಕ್ಕೇ ಹೇಳಲಿಲ್ಲ. ಸಂಜೆ ಅರಮನೆಯ ಮುಂದೆ ಜನರ ನಡುವೆ ನಿಂತಿದ್ದೆವು. ದೀಪ ಒಂದೇ ಸಲಕ್ಕೆ ಹತ್ತಿತು, ಎಲ್ಲರೂ ಹೋ ಅಂದರು. ಸ್ವಿಚ್ಚು ಒತ್ತಿದವರು ಎಲ್ಲೂ ಕಾಣಲಿಲ್ಲ.

ಆ ಮನೆ ಈಗಿಲ್ಲ. ದೊಡ್ಡಪ್ಪ ಹೋದ ಮೇಲೆ ಪಾಲಾಯಿತು, ಹೆಂಚು ಇಳಿಸಿದರು, ತೊಟ್ಟಿಯ ಮೇಲೆ ಗೋಡೆ ಎದ್ದು ಎರಡು ತಾರಸಿ ಮನೆಗಳಾದವು. ಬ್ಯಾರನ್ನಿನ ಜಾಗದಲ್ಲಿ ಕಾರು ನಿಲ್ಲುತ್ತದೆ. ಅತ್ತೆ ಕೊನೆಯ ಏಳು ವರ್ಷ ಹುಣಸೂರಿನಲ್ಲಿ ನನ್ನ ಜೊತೆಗೇ ಇದ್ದಳು. ಎದೆ ಕೆಟ್ಟಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಡಾಕ್ಟರು ಪರೀಕ್ಷೆ ಮಾಡಿ, ‘ಬೀಡಿ ಸೇದ್ತಿದ್ರಾ’ ಅಂತ ಕೇಳಿದರು. ನನಗೆ ಅವರ ಮೇಲೂ ಸಿಟ್ಟು ಬಂತು, ಪಾಪ, ಅವರದೇನು ತಪ್ಪು. ಅತ್ತೆ ಮಾತ್ರ ನಕ್ಕಳು. ಕೆಲಸ ಸಿಕ್ಕ ವರ್ಷದಿಂದಲೂ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ದೀಪ ತೋರಿಸುತ್ತೇನೆ ಅಂತ ನಾನು ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ. ಸೊಪ್ಪಿನ ಕಾಲ ಮುಗಿಯಲಿ ಅನ್ನುವಳು, ಮುಗಿದರೆ ಬಿಸಿಲು ಇಳಿಯಲಿ ಅನ್ನುವಳು. ಹುಣಸೂರಿಗೆ ಬಂದ ಮೇಲೆ, ‘ಈಗ ಯಾತಕ್ಕವ್ವ’ ಅನ್ನತೊಡಗಿದಳು. ಎರಡು ವರ್ಷದ ಹಿಂದೆ ತೀರಿಕೊಂಡಳು, ನೋಡಲೇ ಇಲ್ಲ. ನಿಶ್ಚಿತಾರ್ಥಕ್ಕೆ ನಾನು ಹೋಗುತ್ತೇನೆ, ಆ ಹುಡುಗಿಯದೇನೂ ತಪ್ಪಿಲ್ಲ. ಆದರೆ ಅತ್ತೆ ಇದ್ದಿದ್ದರೆ ಖುಷಿ ಪಡುತ್ತಿದ್ದಳು ಅಂತ ಯಾರಾದರೂ ನನ್ನೆದುರು ಅಂದರೆ ಸುಮ್ಮನಿರುವುದಿಲ್ಲ. ಯಾಕೆ ಅನ್ನುವುದಕ್ಕೆ ಮೈಸೂರಿನಿಂದ ವಾಪಸಾದ ಸೋಮವಾರ ಮಧ್ಯಾಹ್ನದ್ದೊಂದು ಹೇಳುವುದು ಉಳಿದಿದೆ.

ವ್ಯಾನು ಇಳಿದವಳೇ ನಾನು ಸೀರೆ ಹಿಡಿದು ಹಿತ್ತಿಲಿಗೆ ಓಡಿದೆ. ಅತ್ತೆ ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಗಿತ್ತು, ನಾಲ್ಕು ದಿನದ ನಿದ್ದೆಗೇಡು. ಬಾಗಿಲ ಸಂದಿಯಿಂದ ನೋಡಿದೆ, ಒಳಗಿನ ಸೊಪ್ಪು ಮೇಲಿಂದ ಕೆಳಗಿನವರೆಗೂ ಒಂದೇ ಬಣ್ಣ, ನಿಂಬೆಹಣ್ಣಿನ ಹಳದಿ. ಆ ವರ್ಷ ಅಷ್ಟು ಚೆನ್ನಾಗಿ ಬೆಂದದ್ದು ಇನ್ನೊಂದಿರಲಿಲ್ಲ. ಅವಳು ಅದನ್ನು ಸುಟ್ಟು ಕರಿ ಮಾಡಿದ್ದರೆ ನಾನು ಇವತ್ತು ಸ್ವಲ್ಪ ನೆಮ್ಮದಿಯಾಗಿರುತ್ತಿದ್ದೆ. ಸೀರೆಯನ್ನು ಅವಳ ತೊಡೆಯ ಮೇಲಿಟ್ಟೆ. ಬಿಡಿಸಲಿಲ್ಲ, ಪಕ್ಕದ ಸೌದೆ ರಾಶಿಯ ಮೇಲೆ ಇಟ್ಟಳು. ನಾನು ಜಿರಾಫೆಯಿಂದ ಶುರು ಮಾಡಬೇಕು ಅನ್ನುವಷ್ಟರಲ್ಲಿ, ಬೆಂಕಿಯನ್ನೇ ನೋಡುತ್ತ, ‘ಆವಯ್ಯ ಬಂದಿತ್ತಾ?’ ಅಂದಳು.

ಗಂಡ ಅಲ್ಲಿಗೆ ಬರುವುದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಕರೆಯಲು ಬಂದ ಬೀಗಿತ್ತಿಯ ಮಾತಿನಲ್ಲೇ ಯಾರು ಯಾರಿಗೆ ಏನು ಅಂತ ತಿಳಿದುಕೊಂಡಿದ್ದಳು. ‘ಬಂದಿದ್ರು’ ಅಂದೆ. ‘ನನ್ನ ಕೇಳ್ತಾ?’ ‘ಕೇಳಿದ್ರು. ಬ್ಯಾರನ್ನು ಹಚ್ಚವ್ರೆ, ಅದಕ್ಕೆ ಬರ್ಲಿಲ್ಲ ಅಂದೆ.’ ‘ಅದಕ್ಕೆ ಏನಂತು?’ ನಾನು ದಡ್ಡಿ, ಅವಳಿಗೆ ಸಂತೋಷವಾಗಲಿ ಅಂತ ಮುಖ ಅರಳಿಸಿಕೊಂಡು, ‘ನಿನ್ನ ಹೊಗಳಿದ್ರು ಅತ್ತೆ. ಗೇಯೋದು ಬುಟ್ರೆ ಬ್ಯಾರೆ ಏನೂ ಗೊತ್ತಿಲ್ಲ ಅಂದ್ರು’ ಅಂದೆ.

ಅತ್ತೆ ಕೋಲಿನಿಂದ ಕೆಂಡ ಕೆದಕಿದಳು. ಆಮೇಲೆ ನನ್ನ ತಲೆ ಸವರಿ, ಯಾರಿಗೋ ಹೇಳುವ ಹಾಗೆ ಹೇಳಿದಳು: ‘ಆವಯ್ಯನ ನೋಡಾಕೆ ಅಂತ ನಾನು ಹೊಂಟಿರ್ಲಿಲ್ಲ ಕಣವ್ವ. ಹೊಸ ಕುಪ್ಪಸ ತೊಟ್ಕೊಂಡು, ನನ್ ಮಗಳ ಪಕ್ಕ, ಮೊದಲ ಎಲೇಲಿ ಕೂತಿರೋದನ್ನ ಆವಯ್ಯ ಒಂದು ಸಲ ನೋಡ್ಲಿ ಅಂತ ಹೊಂಟಿದ್ದೆ.’

ಒಲೆ ಹಚ್ಚಿದ್ದು ನಾನು ಅಂತ ಆಗ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಮೂವತ್ತಮೂರು ವರ್ಷ ಸಮಯವಿತ್ತು, ಅದರಲ್ಲಿ ಏಳು ವರ್ಷ ಒಂದೇ ಸೂರಿನಡಿ, ಆಗಲೂ ಹೇಳಲಿಲ್ಲ. ಯಾರು ಹಚ್ಚಿದರು ಅಂತ ಅವಳೂ ಒಂದು ದಿನವೂ ಕೇಳಲಿಲ್ಲ. ಆ ಮಧ್ಯಾಹ್ನ ಮೊಣಕಾಲಿಗೆ ಕೈಯೂರಿ ಎದ್ದು, ಬಳೆಗಳನ್ನು ಮೊಣಕೈವರೆಗೆ ಮೇಲೇರಿಸಿಕೊಂಡು, ಇನ್ನೊಂದು ಸೌದೆ ಒಳಗೆ ತಳ್ಳಿದಳು. ಎಲೆಯ ದಂಟು ಒಣಗಲು ಇನ್ನೂ ಒಂದು ದಿನ ಬೇಕಿತ್ತು.